ಹಗಲುದಾರಿಯ ಬುತ್ತಿ

ಬಹಳ ಹಿಂದೆ, ಹೆಸರು ಹಿಡಿದು ಕರೆದರೆ ಒಲೆಗಳು ತಾವೇ ಹೊತ್ತಿಕೊಳ್ಳುತ್ತಿದ್ದ ಕಾಲದಲ್ಲಿ, ಎಡೆನಾಡು ಎಂಬ ಒಂದು ರಾಜ್ಯವಿತ್ತು. ಅದರ ಆಚೆಗೆ ಮರೆನಾಡು ಎಂಬ ಇನ್ನೊಂದು ರಾಜ್ಯವಿತ್ತು. ಎರಡರ ನಡುವೆ ಒಂದೇ ಒಂದು ದಾರಿ. ಅದರ ಹೆಸರು ಹಗಲುದಾರಿ. ಸೂರ್ಯ ಹುಟ್ಟಿದರೆ ಅದು ಚಾಪೆಯಂತೆ ಬಿಚ್ಚಿಕೊಳ್ಳುತ್ತಿತ್ತು, ಸೂರ್ಯ ಮುಳುಗಿದರೆ ಚಾಪೆಯಂತೆ ಸುತ್ತಿಕೊಳ್ಳುತ್ತಿತ್ತು. ಆಗ ದಾರಿಯ ಮೇಲೆ ಇದ್ದವರು ಸುರುಳಿಯೊಳಗೇ ಉಳಿಯುತ್ತಿದ್ದರು.

ಎಡೆನಾಡಿನವರಿಗೆ ಒಂದು ಪದ್ಧತಿ. ಎಲೆಯ ಮುಂದೆ ಕೂತ ಮೇಲೆ, ಮೊದಲ ತುತ್ತು ಎತ್ತುವ ಮುಂಚೆ, ಹೊಸ್ತಿಲ ಕಡೆ ಮುಖ ಮಾಡಿ ಮೂರು ಸಲ ಕೂಗಬೇಕು: "ಉಣ್ಣೋರು ಯಾರದೀರಿ, ಬರ್ರಿ!" ಬಂದವರಿಗೆ ಜಾಗ ಕೊಡಬೇಕು. ಬಂದದ್ದು ನೆಂಟನೋ ನಾಯಿಯೋ ಎಂದು ನೋಡಬಾರದು. ಮೂರು ಸಲ ಕೂಗಿದರೂ ಯಾರೂ ಬರದಿದ್ದರೆ ಮಾತ್ರ ಒಬ್ಬರೇ ಉಣ್ಣಬಹುದು. ಅರಸನೂ ಹೀಗೇ ಕೂಗುತ್ತಿದ್ದ. ಜಿಪುಣರು ಮೆಲ್ಲಗೆ ಕೂಗುತ್ತಿದ್ದರು, ಅಷ್ಟೇ ವ್ಯತ್ಯಾಸ. ಇನ್ನೊಂದು ಮಾತು: ಸಾಲಿನಲ್ಲಿ ಕೂತ ಎಲ್ಲರ ಊಟವೂ ಮುಗಿಯುವ ತನಕ ಯಾರೂ ಏಳುವ ಹಾಗಿರಲಿಲ್ಲ.

ಮರೆನಾಡಿನ ರೀತಿ ಬೇರೆ. ಅಲ್ಲಿಯವರು ಊಟವನ್ನು ಸ್ನಾನದ ಹಾಗೆ ನೋಡುತ್ತಿದ್ದರು. ಬಾಗಿಲು ಹಾಕಿಕೊಂಡು, ಗೋಡೆಗೆ ಮುಖ ಮಾಡಿ, ಒಬ್ಬೊಬ್ಬರೇ ಮುಗಿಸಿ, ಬಾಯಿ ಒರೆಸಿಕೊಂಡು ಹೊರಗೆ ಬರುತ್ತಿದ್ದರು. ಉಣ್ಣುವವರ ಮುಖ ನೋಡುವುದು ಅಲ್ಲಿ ದೊಡ್ಡ ಅಸಭ್ಯತೆ. ಅವರೇನೂ ಕೆಟ್ಟವರಲ್ಲ. ಹಾಗೆ ಬೆಳೆದವರು.

ಎಡೆನಾಡಿನ ಅರಮನೆಯಲ್ಲಿ ಸಿರಿಯವ್ವ ಎಂಬವಳಿದ್ದಳು. ವಯಸ್ಸು ಮೂವತ್ತು ದಾಟಿತ್ತು. ಎಷ್ಟು ದಾಟಿತ್ತು ಎಂದು ಕೇಳುವುದು ಮರ್ಯಾದೆಯಲ್ಲ. ಊಟದ ಮನೆಯಲ್ಲಿ ದಿನಕ್ಕೆ ಮುನ್ನೂರು ಎಲೆ ಹಾಕುವುದು ಅವಳ ಕೆಲಸ. ಮುನ್ನೂರು ಜನ ಕೂಗಿ, ಉಂಡು, ಎದ್ದು, ಕೈ ತೊಳೆದು ಹೋದ ಮೇಲೆ ಅವಳು ತನಗೊಂದು ಎಲೆ ಹಾಕಿಕೊಳ್ಳುತ್ತಿದ್ದಳು. ರೂಢಿಯಿಂದ ಎದುರಿಗೆ ಇನ್ನೊಂದು ಎಲೆ ಹಾಕುತ್ತಿದ್ದಳು. ಅದು ತಂಗಿ ಚಿಗರವ್ವನದು, ಮನೆಯವರ ಬಾಯಲ್ಲಿ ಚಿಗರಿಯದು. ಖಾಲಿ ಸಭಾಂಗಣಕ್ಕೆ ಮೂರು ಸಲ ಕೂಗುತ್ತಿದ್ದಳು. ಕಂಬಗಳು "ಬರ್ರಿ, ಬರ್ರಿ" ಎಂದು ತಿರುಗಿ ಅವಳನ್ನೇ ಕರೆಯುತ್ತಿದ್ದವು. ಆಮೇಲೆ ಉಂಡು, ಎದುರಿನ ಎಲೆಯನ್ನು ಹಾಗೇ ಮಡಚಿ ಎತ್ತಿಡುತ್ತಿದ್ದಳು.

ಚಿಗರಿಯನ್ನು ಮರೆನಾಡಿಗೆ ಕೊಟ್ಟು ಏಳು ವರ್ಷವಾಗಿತ್ತು. ಸಂಬಂಧ ಕೂಡಿಸಿದವನು ರಾಚಯ್ಯ ಎಂಬ ಮದುವೆಯ ದಲ್ಲಾಳಿ. "ಒಂದು ಹಗಲಿನ ದಾರಿ. ಬೇಕಾದಾಗ ಹೋಗ್ರಿ, ಬೇಕಾದಾಗ ಬರ್ರಿ," ಎಂದಿದ್ದ. ಮದುವೆಯ ದಿಬ್ಬಣ ದಾಟಿದ್ದೇ ಕೊನೆ. ಮರುತಿಂಗಳು ಭರಣಿನಾಥನೆಂಬ ಮಾಂತ್ರಿಕ ಹಗಲುದಾರಿಯನ್ನು ವಶಮಾಡಿಕೊಂಡ. ಆಮೇಲೆ ಹೋದವರು ತಲುಪಲಿಲ್ಲ, ತಿರುಗಿಯೂ ಬರಲಿಲ್ಲ. ಚಿಗರಿಯ ಕ್ಷೇಮ ನೋಡಿಬರುತ್ತೇನೆಂದು ಹೋದ ರಾಚಯ್ಯನೂ ಬರಲಿಲ್ಲ. ಎರಡು ವರ್ಷ ದಾರಿ ಕಾಯ್ದು ಅವ್ವ ತೀರಿಕೊಂಡಳು.

ಹೀಗಿರಲು ಒಂದು ದಿನ ಮರೆನಾಡಿನಿಂದ ಒಂದು ಗಿಳಿ ಹಾರಿಬಂದು ಊಟದ ಮನೆಯ ಕಿಟಕಿಯಲ್ಲಿ ಕೂತಿತು. ಚಿಗರಿಯ ಧ್ವನಿಯಲ್ಲೇ ಮಾತಾಡಿತು:

"ಅಕ್ಕಾ, ನನಗೀಗ ಏಳು ತಿಂಗಳು. ತುತ್ತು ಗಂಟಲದಾಗ ಇಳೀವಲ್ದು. ಅತ್ತಿ ದಿನಾ ಏನೇನೋ ಮಾಡಿ ಬಾಗಿಲ ಹೊರಗ ಇಟ್ಟು ಹೋಗ್ತಾಳ, ಒಳ್ಳೇಕಿ. ಆದ್ರ ಏಳು ವರ್ಷ ಗ್ವಾಡಿ ನೋಡಿಕೋತ ಉಂಡು ಸಾಕಾಗೇತಿ. ಸೂಲಗಿತ್ತಿ ಹೇಳ್ಯಾಳ, ಈ ಹುಣ್ಣಿವಿಯೊಳಗ ಅನ್ನ ಇಳೀಲಿಲ್ಲಂದ್ರ ನಾನೂ ಉಳಿಯೂದಿಲ್ಲ, ಕೂಸೂ ಉಳಿಯೂದಿಲ್ಲ. ಅವ್ವಗ ಹೇಳು, ಬುತ್ತಿ ತಗೊಂಡು ಬಾ ಅಂತ."

ಅವ್ವ ಇಲ್ಲವೆಂಬುದು ಅವಳಿಗೆ ಗೊತ್ತೇ ಇರಲಿಲ್ಲ. ಹುಣ್ಣಿಮೆ ಮರುದಿನವೇ ಇತ್ತು.

ಬಸುರಿ ಮಗಳಿಗೆ ತವರಿನಿಂದ ಬುತ್ತಿ ಹೊರುವುದು ಎಡೆನಾಡಿನ ದೊಡ್ಡ ಶಾಸ್ತ್ರ. ತಾಯಿ ಇಲ್ಲದಿದ್ದರೆ ಅಕ್ಕ ಹೊರಬೇಕು. ಬುತ್ತಿಯ ಗಂಟನ್ನು ಬಸುರಿಯ ಕೈಯೇ ಬಿಚ್ಚಬೇಕು, ದಾರಿಯಲ್ಲಿ ಬೇರೆ ಯಾರು ಬಿಚ್ಚಿದರೂ ಅದು ಬುತ್ತಿಯಲ್ಲ, ಬರಿಯ ತಿಂಡಿ. ಸಿರಿಯವ್ವ ಒಲೆಯನ್ನು ಕರೆದಳು. ಹೋಳಿಗೆ ಮಾಡಿದಳು, ಕರಿಗಡಬು ಮಾಡಿದಳು, ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಶೇಂಗಾ ಚಟ್ನಿ, ಮಾದಲಿ, ಬಾಳೆಎಲೆಯಲ್ಲಿ ಕಟ್ಟಿದ ಮೊಸರನ್ನ. ಕೊನೆಗೆ ಕಡಲೆಹಿಟ್ಟಿನ ಜುಣಕ. ಅವ್ವ ಜುಣಕ ಮಾಡಿದಾಗೆಲ್ಲ ತಳ ಹತ್ತುತ್ತಿತ್ತು. ಆ ಕರಕಲು ಪದರಕ್ಕೆ ಅಕ್ಕ ತಂಗಿ ಕಿತ್ತಾಡುತ್ತಿದ್ದರು, ಅವ್ವ ಸರಿಯಾಗಿ ಅರ್ಧ ಮುರಿದು ಕೊಡುತ್ತಿದ್ದಳು. ಸಿರಿಯವ್ವ ಒಲೆಯ ಮುಂದೆ ಕೂತು, ಬೇಕಂತಲೇ, ಜುಣಕದ ತಳ ಹೊತ್ತಿಸಿದಳು.

ಬೆಳಗಾಗುವ ಮುಂಚೆ ಮುಖ್ಯ ಅಡುಗೆಯವ ಸಾಂಬಯ್ಯ ಅರಮನೆಯ ಬಾಗಿಲಲ್ಲಿ ನಿಂತಿದ್ದ.

"ಗಿಳಿ ಹಾರಿ ಬರುವಾಗ ಕಂಡಿದ್ದು ಹೇಳೇತಿ, ಕೇಳಿಲ್ಲ? ದಾರ್ಯಾಗ ಮೂರು ಛತ್ರ ಅದಾವಂತ. ಮುಂಬಾಗಿಲಿಂದ ಮನುಷಾರು ಹೋಗ್ತಾರ, ಹಿಂಬಾಗಿಲಿಂದ ಬ್ಯಾರೆ ಏನೋ ಬರ್ತೈತಂತ. ಛತ್ರದಾಗ ಉಣಬ್ಯಾಡ."

"ಹೂಂ ಮಾವಾ."

"ನೀ ಹೂಂ ಅಂತಿ. ನೀ ತಿಂಡಿಪೋತಿ ಅನ್ನೂದು ನನಗ ಗೊತ್ತಿಲ್ಲೇನು?" ಎಂದು ಬೈದು, ಒಣಗಿದ ಎರಡು ಕಟಕ ರೊಟ್ಟಿಯನ್ನೂ ಒಂದು ಚೂರು ಕೆಂಪು ಖಾರವನ್ನೂ ಅವಳ ಉಡಿಗೆ ಕಟ್ಟಿದ. "ಇದನ್ನ ತಿನ್ನು. ಬುತ್ತಿ ಮುಟ್ಟಬ್ಯಾಡ." ಮುಖ ಆಚೆ ತಿರುಗಿಸಿದ. ಅವನು ಅಳುವಾಗ ಯಾವಾಗಲೂ ತಪ್ಪನ್ನು ಈರುಳ್ಳಿಯ ಮೇಲೆ ಹಾಕುತ್ತಿದ್ದ. ಅವತ್ತು ಕೈಯಲ್ಲಿ ಈರುಳ್ಳಿ ಇರಲಿಲ್ಲ.

ಸೂರ್ಯ ಹುಟ್ಟಿದ. ಹಗಲುದಾರಿ ಸರ್ರನೆ ಬಿಚ್ಚಿಕೊಂಡಿತು. ಸಿರಿಯವ್ವ ಬುತ್ತಿ ಹೊತ್ತು ಹೊರಟಳು.

ದಾರಿ ಬಿಳುಚಾಗಿತ್ತು, ಬಯಲಾಗಿತ್ತು. ಮರ ಇರಲಿಲ್ಲ. ಹಕ್ಕಿ ಇರಲಿಲ್ಲ. ಅವಳ ಹೆಜ್ಜೆಯ ಸಪ್ಪಳವೊಂದೇ ಅವಳ ಜೊತೆಗಿತ್ತು. ಅವಳು ನಡೆದಳು, ನಡೆದಳು, ಬಿಸಿಲು ಹೆಗಲಿಗೆ ಬರುವ ಹೊತ್ತಿಗೆ ಮೊದಲನೇ ಛತ್ರ ಬಂತು.

ಛತ್ರ ದಾರಿಯ ಪಕ್ಕದಲ್ಲಿರಲಿಲ್ಲ, ದಾರಿಯ ಮೇಲೇ ಇತ್ತು. ಮುಂಬಾಗಿಲಿಂದ ಒಳಗೆ ಹೋಗಿ ಹಿಂಬಾಗಿಲಿಂದ ಹೊರಗೆ ಹೋಗಬೇಕು. ಒಳಗೆ ನೂರು ಜನ ಕೂರುವಷ್ಟು ಜಾಗ, ನಡುವೆ ಒಂದೇ ಎಲೆ. ಬಿಳಿ ಪಂಚೆಯ, ಬೋಳು ತಲೆಯ ಒಬ್ಬ ಮುದುಕ ಸೌಟು ಹಿಡಿದು ನಿಂತಿದ್ದ. ಅಟ್ಟದ ಮೇಲೆ ಸಾಲಾಗಿ ಉಪ್ಪಿನಕಾಯಿಯ ಭರಣಿಗಳಿದ್ದವು, ಬಾಯಿಗೆ ಬಟ್ಟೆ ಕಟ್ಟಿದ್ದವು.

"ಬಾರವ್ವ, ಕೂಡು. ಉಂಡು ಎಲಿ ಖಾಲಿ ಮಾಡು. ಮಾಡಿದ ಮ್ಯಾಲ ಹಿಂಬಾಗಲ ತಾನ ತೆರೀತೈತಿ. ಮಾಡಲಿಲ್ಲಂದ್ರ ತೆರೆಯೂದಿಲ್ಲ."

ಸಿರಿಯವ್ವ ಬಾಗಿಲು ನೂಕಿ ನೋಡಿದಳು. ತೆರೆಯಲಿಲ್ಲ. ಸಾಂಬಯ್ಯನ ಮಾತು ಮೊದಲನೇ ಛತ್ರದಲ್ಲೇ ಮುರಿಯಿತು. "ಒಂದ ಎಲಿ ಹಾಕೀರಲ್ಲ?" ಎಂದಳು.

"ನೀ ಒಬ್ಬಾಕಿನ ಅಲ್ಲೇನು?"

ಅದು ನಿಜವಾಗಿತ್ತು. ಕೂತಳು. ಮುದುಕ ಬಡಿಸಿದ. ಗುಂಡಗೆ ಉಬ್ಬಿದ ಬಿಸಿ ಪಡ್ಡು, ಕಾಯಿ ಚಟ್ನಿ, ಒಗ್ಗರಣೆ ಹಾಕಿದ ಮಂಡಕ್ಕಿ, ಅದರ ಮೇಲೆ ಹುರಿಗಡಲೆ ಪುಡಿ, ಪಕ್ಕದಲ್ಲಿ ಆಗಷ್ಟೇ ಕಡೆದ ಬೆಣ್ಣೆ. ಅವಳ ಬಾಯಲ್ಲಿ ನೀರೂರಿತು. ಆದರೂ ಕೈ ತುತ್ತಿಗೆ ಹೋಗಲಿಲ್ಲ. ಏಳು ವರ್ಷ ಖಾಲಿ ಕಂಬಗಳಿಗೆ ಕೂಗಿದ ಬಾಯಿ, ಹೊಸ್ತಿಲ ಕಡೆ ತಿರುಗಿ ತಾನಾಗಿ ಕೂಗಿತು: "ಉಣ್ಣೋರು ಯಾರದೀರಿ, ಬರ್ರಿ!"

ಮುದುಕನ ಸೌಟು ಠಣ್ಣನೆ ಬಿತ್ತು.

"ಯಾರೂ ಇಲ್ಲ ಇಲ್ಲಿ, ಹುಚ್ಚಿ!"

"ಗೊತ್ತೈತ್ರಿ," ಎಂದು ಅವಳು ಎರಡನೇ ಸಲ ಕೂಗಿದಳು. ಮೂರನೇ ಸಲ ಕೂಗಿದಾಗ ಕಿಟಕಿಯಿಂದ ಒಂದು ಒಕ್ಕಣ್ಣಿನ ಕಾಗೆ ಒಳಗೆ ಬಂತು. ಸಿರಿಯವ್ವ ತನ್ನ ಎಲೆಯನ್ನು ನಡುವೆ ಸೀಳಿ, ಅರ್ಧ ಕಾಗೆಯ ಮುಂದೆ ಸರಿಸಿದಳು. ಇಬ್ಬರೂ ಉಂಡರು. ಉಣ್ಣುತ್ತಾ ಮಾತಾಡದಿರುವುದು ಎಡೆನಾಡಿನವರಿಗೆ ಬರುವುದಿಲ್ಲ. ಅವಳು ಕಾಗೆಗೆ ಎಲ್ಲ ಹೇಳಿದಳು: ಅವ್ವನ ವಿಷಯ, ಚಿಗರಿಯ ವಿಷಯ, ಇಳಿಯದ ತುತ್ತಿನ ವಿಷಯ, ಹುಣ್ಣಿಮೆಯ ವಿಷಯ.

ಕೊನೆಯ ಪಡ್ಡು ನುಂಗಿದ್ದೇ ಕಾಗೆಗೆ ಮಾತು ಬಂತು. "ಬಳೀ... ಬಳೀ ಬೇಕೇನ್ರೀ ಬಳೀ! ಅಯ್ಯ, ನಾ ಬಳಿ ಮಾರಾಕಿ ಇದ್ದೆ ನೋಡವಾ! ಹೆಸರು ಏನಂತ ಮಾತ್ರ ನೆಪ್ಪಿಲ್ಲ."

ಹಿಂಬಾಗಿಲು ತೆರೆಯಿತು. ಹೊರಗೆ ಬಂದ ಮೇಲೆ ಕಾಗೆ ಅವಳ ಹೆಗಲ ಮೇಲೆ ಕೂತು ಪಿಸುಗುಟ್ಟಿತು: "ಅಂವನ ಭರಣಿನಾಥ. ಅಂವ ಬಡಿಸಿದ್ದನ್ನ ಒಬ್ಬಾಕಿನ ಉಂಡ್ರ, ತುತ್ತಿಗೊಬ್ಬರು ಮರ್ತು ಹೋಗ್ತಾರ. ಮರ್ತವರ ಹೆಸರನ್ನ ಅಂವ ಭರಣ್ಯಾಗ ಹಾಕಿ ಇಡ್ತಾನ. ಎಲ್ಲಾರೂ ಮುಗದ್ರ ಕಡೀಗೆ ನೀನ ನಿನಗ ಮರ್ತು ಹೋಗ್ತಿ. ಆಮ್ಯಾಲ ಕಾಗಿ ಆದ್ರೇನು, ಕೋತಿ ಆದ್ರೇನು."

"ನೀವ್ಯಾಕ ಕೂಗಲಿಲ್ಲ? ನೀವೂ ಎಡೆನಾಡಿನವರ ಅಲ್ಲ?"

"ಬಯಲಾಗ, ಖಾಲಿ ಛತ್ರದಾಗ, ಯಾರಿಗಂತ ಕರೀಲಿ? ನಾಚಿಕಿ ಬಂತವಾ."

ಊರು ಬಿಟ್ಟ ಮೇಲೆ ಊರಿನ ಪದ್ಧತಿ ಎಲ್ಲರಿಗೂ ಸ್ವಲ್ಪ ಸಡಿಲವಾಗುತ್ತದೆ. ಖಾಲಿ ಜಾಗಕ್ಕೆ ಕೂಗಿ ಅಭ್ಯಾಸವಿದ್ದವರು ಇಡೀ ರಾಜ್ಯದಲ್ಲಿ ಬಹುಶಃ ಸಿರಿಯವ್ವ ಒಬ್ಬಳೇ ಇದ್ದಳು.

ಸೂರ್ಯ ನೆತ್ತಿಗೆ ಬಂದಾಗ ಎರಡನೇ ಛತ್ರ ಬಂತು. ಅದೇ ನೂರು ಜನರ ಜಾಗ, ಅದೇ ಒಂದು ಎಲೆ, ಅದೇ ಬೋಳು ತಲೆ. "ಮೊದಲಿನ ಛತ್ರದಾಗ ನೀವ ಇದ್ದಿರೆಲ್ಲ?" ಎಂದು ಸಿರಿಯವ್ವ ಕೇಳಿದಳು. "ಅಂವ ನಮ್ಮ ತಮ್ಮ," ಎಂದು ಮುದುಕ ಕಾಗೆಯನ್ನು ಹೊರಗೆ ಅಟ್ಟಿ ಕಿಟಕಿಗಳನ್ನು ಮುಚ್ಚಿದ.

ಬಡಿಸಿದ. ಒಲೆಯಿಂದ ಇಳಿದ ಜೋಳದ ರೊಟ್ಟಿ, ತುಂಬು ಬದನೆಕಾಯಿಯ ಎಣ್ಣೆಗಾಯಿ, ಮಡಕೆಕಾಳಿನ ಪಲ್ಯ, ಹಸಿ ಈರುಳ್ಳಿ, ಗುರೆಳ್ಳು ಚಟ್ನಿಯ ಗುಂಡಿಯಲ್ಲಿ ಮೊಸರು, ಗೋಧಿ ಹುಗ್ಗಿಯ ಮೇಲೆ ಕೈ ತಡೆಯದೆ ಸುರಿದ ತುಪ್ಪ. ಎಣ್ಣೆಗಾಯಿಯ ಘಮಕ್ಕೆ ಅವಳ ಕಣ್ಣು ತಾನೇ ಮುಚ್ಚಿತು. ಕಣ್ಣು ಮುಚ್ಚಿಕೊಂಡೇ ಕೂಗಿದಳು. ಒಂದು ಸಲ. ಎರಡು ಸಲ. ಮೂರನೇ ಸಲಕ್ಕೆ ಮುಂಬಾಗಿಲು ನೂಕಿಕೊಂಡು ಒಂದು ಕರಡಿ ಬಂತು.

ಸಿರಿಯವ್ವ ಬುತ್ತಿಯನ್ನು ಎದೆಗೆ ಒತ್ತಿಕೊಂಡಳು. ಆದರೆ ಕರೆದವಳು ಅವಳೇ. ಕರೆದು, ಬಂದ ಮೇಲೆ ಮುಖ ನೋಡಿ ಬೇಡ ಎನ್ನುವುದು ಹೇಗೆ? ಎಲೆ ಸೀಳಿದಳು. ಕರಡಿ ಹುಗ್ಗಿಯನ್ನು ಸುರ್ರನೆ ಎಳೆಯಿತು. ಅವಳು ಮತ್ತೆ ತನ್ನ ಕತೆ ಹೇಳಿದಳು. ಚಿಗರಿಯ ಹೆಸರು ಬಂದದ್ದೇ ಕರಡಿ ತಲೆ ಎತ್ತಿತು.

"ಚಿಗರವ್ವ? ಮರೆನಾಡಿನ ನೇಕಾರರ ಮನಿ? ಆ ಸಂಬಂಧ ನಾನ ಕೂಡಿಸಿದ್ದು!"

"ರಾಚಯ್ಯ?" ಸಿರಿಯವ್ವನ ಭಯವೆಲ್ಲ ಹಾರಿಹೋಯಿತು. "ಏ ರಾಚಯ್ಯ! ಒಂದು ಹಗಲಿನ ದಾರಿ ಅಂದಿದ್ದೆಲ್ಲ ನೀನು!"

"ಹಗಲು ಒಂದ ಐತಲ್ಲವಾ," ಎಂದು ಕರಡಿ ತಲೆ ತಗ್ಗಿಸಿತು. "ರಾಚಯ್ಯ ಅಂತ ನನ್ನ ಹೆಸರು? ಚೊಲೋ ಐತಿ."

"ಅವರು ಗ್ವಾಡಿ ನೋಡಿಕೋತ ಉಣ್ತಾರ ಅಂತ ಯಾಕ ಹೇಳಲಿಲ್ಲ?"

"ಹೇಳಿದ್ರ ಮದುವಿ ಆಗ್ತಿತ್ತೇನು?"

ಇದಕ್ಕೆ ಕರಡಿಗೆ ಒಂದು ಪೆಟ್ಟು ಕೊಡಬೇಕೆಂದು ಸಿರಿಯವ್ವನಿಗೆ ಅನಿಸಿತು. ಆದರೆ ಒಂದೇ ಎಲೆಯಲ್ಲಿ ಉಂಡವನಿಗೆ ಹೊಡೆಯುವುದು ಹೇಗೆಂದು ಸುಮ್ಮನಾದಳು. ಹಿಂಬಾಗಿಲು ತೆರೆಯಿತು. ಮೂವರೂ ನಡೆದರು. ಕಾಗೆ ವಟವಟ ಎನ್ನುತ್ತಿತ್ತು, ಕರಡಿ ನಿಟ್ಟುಸಿರು ಬಿಡುತ್ತಿತ್ತು. ಏಳು ವರ್ಷಗಳಲ್ಲಿ ಮೊದಲ ಸಲ ಸಿರಿಯವ್ವನಿಗೆ ತನ್ನ ಹೆಜ್ಜೆಯ ಸಪ್ಪಳ ಕೇಳಿಸಲಿಲ್ಲ.

ನೆರಳು ಉದ್ದವಾಗುವ ಹೊತ್ತಿಗೆ ಮೂರನೇ ಛತ್ರ ಬಂತು. ದೂರದಲ್ಲಿ ಮರೆನಾಡಿನ ಗೋಪುರ ಕಾಣುತ್ತಿತ್ತು. ಕಾಗೆ ಹೇಳಿತು: "ಇಲ್ಲಿ ನೀ ಕರೀದ ನಾವು ಒಳಗ ಬರಾಕ ಆಗೂದಿಲ್ಲ. ಕಟ್ಟು ಹಾಕ್ಯಾನ. ಜಲ್ದಿ ಕೂಗು, ಹೊತ್ತಿಲ್ಲ."

ಈ ಛತ್ರ ಚಿಕ್ಕದಾಗಿತ್ತು. ಒಂದು ಒಲೆ, ಒಂದು ಗೂಡು, ಮಸಿ ಹಿಡಿದ ಜಂತೆ. ಅಟ್ಟದಲ್ಲಿ ಮಾತ್ರ ಲೆಕ್ಕವಿಲ್ಲದಷ್ಟು ಭರಣಿಗಳು. ಮುದುಕ ಈ ಸಲ ಬಾ ಎನ್ನುವ ಮುಂಚೆಯೇ ಬಡಿಸತೊಡಗಿದ. ಒಂದು ಬಿಸಿ ರೊಟ್ಟಿ ಹಾಕಿದ. ರೊಟ್ಟಿಯ ಮೇಲೆ ಜುಣಕ ಹಾಕಿದ. ಆಮೇಲೆ ಬಾಣಲೆಯ ತಳವನ್ನು ಕರಕರ ಕೆರೆದು, ಕಂದುಗಪ್ಪು ಪದರವನ್ನು ಇಡಿಯಾಗಿ ಎತ್ತಿ, ಎಲೆಯ ಅಂಚಿಗಿಟ್ಟ.

ಅವ್ವನ ವಾಸನೆ.

ಬೆಳಿಗ್ಗೆ ತಾನು ಹೊತ್ತಿಸಿದ ಜುಣಕಕ್ಕೆ ಈ ವಾಸನೆ ಇರಲಿಲ್ಲ. ಬೇಕಂತ ಹೊತ್ತಿಸಿದ್ದಕ್ಕೂ, ಮಕ್ಕಳ ಜಗಳ ಬಿಡಿಸುತ್ತಾ ಮರೆತು ಹೊತ್ತಿಸಿದ್ದಕ್ಕೂ ವ್ಯತ್ಯಾಸವಿದೆ. ಸಿರಿಯವ್ವ ಹೊಸ್ತಿಲ ಕಡೆ ತಿರುಗಿದಳು, ಬಾಯಿ ತೆರೆದಳು, ಮುಚ್ಚಿದಳು. ಇದಕ್ಕೆ ಯಾರನ್ನು ಕರೆಯುವುದು? ಕರೆಯಬೇಕಾದವಳು ಇಲ್ಲಿಲ್ಲ. ಅವ್ವನ ಕೈಯ ಜುಣಕಕ್ಕೆ ಕಾಗೆ ಕರಡಿಗಳು ಯಾಕೆ? ಕಾಗೆ ಹೇಳಿದ ಎಚ್ಚರಿಕೆಯೂ ಆ ವಾಸನೆಯಲ್ಲಿ ಕರಗಿತು. ಮುನ್ನೂರು ಎಲೆ ಹಾಕಿದ ಕೈಗೆ ಒಂದು ಸಲ, ಒಂದೇ ಒಂದು ಸಲ, ತನ್ನದೆನ್ನುವುದನ್ನು ತಾನೇ ತಿನ್ನಬೇಕೆನಿಸಿತು.

ಮೊದಲ ತುತ್ತಿಗೆ ಸಾಂಬಯ್ಯ ಹೋದ. ಗೊತ್ತಾಗಲಿಲ್ಲ. ಎರಡನೇ ತುತ್ತಿಗೆ ಅವ್ವ ಹೋದಳು. ಜುಣಕ ಚೆನ್ನಾಗಿದೆ ಎಂದಷ್ಟೇ ಅನಿಸಿತು. ಮೂರನೆಯದು ಆ ಕರಕಲು ಪದರ. ಅದನ್ನು ಮುರಿಯದೆ, ಇಡಿಯಾಗಿ ಬಾಯಿಗೆ ಹಾಕಿಕೊಂಡಳು. ಚಿಗರಿ ಹೋದಳು.

ಅಟ್ಟದಲ್ಲಿ ಮೂರು ಭರಣಿಗಳ ಬಾಯಿಗೆ ಬಟ್ಟೆ ತಾನಾಗಿ ಕಟ್ಟಿಕೊಂಡಿತು.

ಸಿರಿಯವ್ವ ಪಕ್ಕದಲ್ಲಿದ್ದ ಬುತ್ತಿಯನ್ನು ನೋಡಿದಳು. "ಇದು ಯಾರದು?"

"ನಿಂದ," ಎಂದ ಭರಣಿನಾಥ ಮೆತ್ತಗೆ. "ಬಿಚ್ಚು. ಹೋಳಿಗಿ ಇರಬೇಕು. ನಾಕು ತುತ್ತು ತಿಂದು ನಿರಾಳ ಆಗು."

ಅವಳ ಬೆರಳು ಗಂಟಿನ ಮೇಲೆ ಹೋಯಿತು. ಹೊರಗಿನಿಂದ ಕಾಗೆ ಕಿರುಚಿತು: "ಗಂಟು ಬಿಚ್ಚಬ್ಯಾಡವಾ! ಅದು ಚಿಗರೀದು!"

ಜೊತೆಗೆ ಉಂಡವರನ್ನು ಭರಣಿನಾಥನ ಮಂತ್ರ ಮುಟ್ಟುತ್ತಿರಲಿಲ್ಲ. ಹಾಗಾಗಿ ಕಾಗೆಯೂ ಕರಡಿಯೂ ಅವಳಿಗೆ ಇನ್ನೂ ನೆನಪಿದ್ದರು. "ಚಿಗರಿ ಯಾರು?" ಎಂದು ಕೇಳಿದಳು.

"ನಿನ್ನ ತಂಗಿ! ಏಳು ತಿಂಗಳ ಬಸುರಿ!" ಎಂದಿತು ಕಾಗೆ.

"ತುತ್ತು ಇಳೀವಲ್ದಂತ. ಹುಣ್ಣಿವಿ ಇವತ್ತ. ನೀ ಮುಟ್ಟಲಿಲ್ಲಂದ್ರ ಎರಡು ಜೀವ ಹೋಗ್ತಾವ," ಎಂದಿತು ಕರಡಿ.

"ನನಗ ನೆಪ್ಪಿಲ್ಲ."

"ನಮಗ ಐತಿ. ನೀನ ಹೇಳಿದ್ದಿ, ನಿನ್ನ ಎಲ್ಯಾಗ ಉಣ್ಣುವಾಗ. ನಮ್ಮನ್ನ ನಂಬು!"

ಸಿರಿಯವ್ವ ತನ್ನೊಳಗೆ ಹುಡುಕಿದಳು. ತಂಗಿ ಇರಲಿಲ್ಲ. ಎಲೆ ಹಾಕಿ ಎತ್ತಿಟ್ಟ ಒಂದು ಜಾಗ ಮಾತ್ರ ಇತ್ತು. ಇಷ್ಟು ಅಗಲದ ಖಾಲಿ ಜಾಗ ಸುಮ್ಮನೆ ಯಾರಲ್ಲೂ ಇರುವುದಿಲ್ಲ ಎಂದುಕೊಂಡಳು. ಗಂಟಿನಿಂದ ಬೆರಳು ತೆಗೆದಳು.

"ಎಲಿ ಇನ್ನೂ ಖಾಲಿ ಆಗಿಲ್ಲ," ಎಂದ ಭರಣಿನಾಥ. "ಇನ್ನೆರಡು ತುತ್ತು. ಆಮ್ಯಾಲ ಎಲ್ಲಿ ಬೇಕಾದ್ರೂ ಹೋಗು."

ಅವಳು ತಲೆ ಎತ್ತಿ ಅವನನ್ನು ಮೊದಲ ಸಲ ಸರಿಯಾಗಿ ನೋಡಿದಳು. ಬೆಳಿಗ್ಗೆಯಿಂದ ನಿಂತೇ ಇದ್ದ ಮನುಷ್ಯ. ಒಣಗಿದ ತುಟಿ, ಒಳಗೆ ಹೋದ ಹೊಟ್ಟೆ, ಸೌಟು ಹಿಡಿದು ಸೊಟ್ಟಗಾದ ಬೆರಳು. ತನ್ನ ಬೆರಳೂ ಹಾಗೇ ಇತ್ತು. ಮನಸ್ಸಿನಲ್ಲಿ ಯಾರೂ ಉಳಿಯದಿದ್ದರೂ ಬಾಯಿಗೆ ಒಂದು ರೂಢಿ ಇರುತ್ತದಲ್ಲ, ಆ ರೂಢಿಯ ಮಾತು ಬಂತು:

"ನಿಮ್ದು ಊಟ ಆತೇನ್ರಿ?"

ಒಲೆಯ ಉರಿ ನಿಂತಲ್ಲೇ ನಿಂತಿತು.

"ಏನಂದಿ?"

"ಊಟ ಆತೇನು ಅಂದೆ."

ಮಾಂತ್ರಿಕ ಸೌಟನ್ನು ಪಂಚೆಗೆ ಒರೆಸಿದ. ಆಮೇಲೆ ಹೇಳಿದ: "ನಾನೂ ಎಡೆನಾಡಿನಾಂವನ. ನಿಮ್ಮಜ್ಜನ ಕಾಲಕ್ಕ ಅದ ಅರಮನ್ಯಾಗ ಬಡಸಾಂವ ಇದ್ದೆ. ನಲವತ್ತು ವರ್ಷ. ದಿನಾ ಮುನ್ನೂರು ಮಂದಿ ಮೂರು ಮೂರು ಸಲ ಕರೀತಿದ್ರು, ಹೊಸ್ತಿಲ ಕಡೆ ಮುಖ ಮಾಡಿ. ಬೀದ್ಯಾಗಿನ ನಾಯಿ ಕರದ್ರು, ಗಿಡದ ಮ್ಯಾಗಿನ ಮಂಗ್ಯಾನ್ನ ಕರದ್ರು. ಬಡಸಾಂವ ಬೆನ್ನ ಹಿಂದ ನಿಂತಿರ್ತಾನ. ಬೆನ್ನ ಹಿಂದ ತಿರುಗಿ ಒಬ್ಬರೂ ಕರೀಲಿಲ್ಲ. ನಿಮಗೆಲ್ಲ ಅಷ್ಟು ಮಂದಿ ಇದ್ದರಲ್ಲ, ನನಗೊಂದಿಷ್ಟು ಇರ್ಲಿ ಅಂತ ಭರಣಿ ತುಂಬಿಸಿದೆ. ಭರಣ್ಯಾಗ ಹೆಸರು ಇರ್ತಾವ. ಮಾತಾಡೂದಿಲ್ಲ."

ಸಿರಿಯವ್ವ ಎದ್ದಳು. ಮೂಲೆಯಲ್ಲಿದ್ದ ಎಲೆಯ ಕಟ್ಟು ಬಿಚ್ಚಿದಳು. ಅವಳ ಕೈಗೆ ಯಾರನ್ನೂ ನೆನಪಿಸಿಕೊಳ್ಳುವ ಅಗತ್ಯವಿರಲಿಲ್ಲ, ಎಲೆ ಹಾಕುವುದು ಅದಕ್ಕೆ ಗೊತ್ತಿತ್ತು. ನಾಲ್ಕು ಎಲೆ ಹಾಕಿದಳು. ಮಂತ್ರದ ಊಟವನ್ನು ಪಕ್ಕಕ್ಕೆ ಸರಿಸಿ, ಉಡಿಯ ಎರಡು ಕಟಕ ರೊಟ್ಟಿ ತೆಗೆದು, ನಾಲ್ಕು ಭಾಗ ಮಾಡಿ, ಮೇಲೆ ಕೆಂಪು ಖಾರ ಇಟ್ಟಳು. ಹೊಸ್ತಿಲಿಗೆ ಒಂದು ಸಲ ಕೂಗಿದಳು, ಕಾಗೆಯೂ ಕರಡಿಯೂ ಒಳಗೆ ನುಗ್ಗಿದರು. ಆಮೇಲೆ, ಎಡೆನಾಡಿನಲ್ಲಿ ಯಾರೂ ಎಂದೂ ಮಾಡದಿದ್ದುದನ್ನು ಮಾಡಿದಳು. ಹೊಸ್ತಿಲಿಗೆ ಬೆನ್ನು ಹಾಕಿ, ಒಲೆಯ ಕಡೆ ತಿರುಗಿ, ಕೂಗಿದಳು:

"ಉಣ್ಣೋರು ಯಾರದೀರಿ, ಬರ್ರಿ!"

ಭರಣಿನಾಥ ನಕ್ಕ.

"ಉಣ್ಣೋರು ಯಾರದೀರಿ, ಬರ್ರಿ!"

ಅವನು ತನ್ನ ಬೆನ್ನ ಹಿಂದೆ ತಿರುಗಿ ನೋಡಿದ.

"ಉಣ್ಣೋರು ಯಾರದೀರಿ, ಬರ್ರಿ!"

ಭರಣಿನಾಥ ಸೌಟು ಕೆಳಗಿಟ್ಟು, ಪಂಚೆ ಸರಿಮಾಡಿಕೊಂಡು, ನಾಲ್ಕನೇ ಎಲೆಯ ಮುಂದೆ ಕೂತ.

ಉಳಿದ ಮೂವರ ಊಟ ಬೇಗ ಮುಗಿಯಿತು. ಅವನದು ಮುಗಿಯಲಿಲ್ಲ. ಕಟಕ ರೊಟ್ಟಿ ಗಟ್ಟಿ, ಅವನ ಬಾಯಲ್ಲಿ ಹಲ್ಲು ಎರಡೇ. ಕರಕ್, ಕರಕ್ ಎಂದು ಒಂದೊಂದೇ ಚೂರು ಜಗಿದ. ಹೊರಗೆ ಬಿಸಿಲು ಕೆಂಪಗಾಯಿತು. ಕಾಗೆ ಚಡಪಡಿಸಿತು: "ಸೂರ್ಯ ಬೊಗಸಿಯಷ್ಟು ಉಳದಾನ. ಏಳು, ಓಡಿ ಹೋಗೂಣು!"

"ಸಾಲಿನಾಗ ಒಬ್ಬರು ಉಣ್ಣಾಕ ಹತ್ಯಾರ," ಎಂದಳು ಸಿರಿಯವ್ವ. ಎದ್ದು ಹೋದರೆ ಕರೆದದ್ದೇ ಸುಳ್ಳಾಗುತ್ತಿತ್ತು. ನೆನಪಿಲ್ಲದ ತಂಗಿಗಾಗಿ ಎದೆ ಹೊಡೆದುಕೊಳ್ಳುತ್ತಿತ್ತು, ಕಾಲು ಮಾತ್ರ ಅಲುಗಲಿಲ್ಲ. ಮುದುಕನ ರೊಟ್ಟಿಯ ಮೇಲೆ ಒಂದಿಷ್ಟು ನೀರು ಚಿಮುಕಿಸಿ ಮೆತ್ತಗೆ ಮಾಡಿಕೊಟ್ಟಳು. "ಸಾವಕಾಶ ಉಣ್ರಿ," ಎಂದಳು. ಅವಳು ಜೀವನದಲ್ಲಿ ಹೇಳಿದ ಅತಿ ಕಷ್ಟದ ಮಾತು ಅದೇ.

ಭರಣಿನಾಥನಿಗೆ ಖಾರ ನೆತ್ತಿಗೇರಿತು. ಬಿಕ್ಕಳಿಕೆ ಬಂತು. ಕಣ್ಣಲ್ಲಿ ನೀರು ಬಂತು, ಆಮೇಲೆ ಖಾರ ಇಳಿದರೂ ನೀರು ನಿಲ್ಲಲಿಲ್ಲ. ಕೊನೆಯ ಚೂರು ನುಂಗಿದ.

ಅಟ್ಟದಲ್ಲಿ ಟಪ್ ಎಂದು ಒಂದು ಭರಣಿ ಒಡೆಯಿತು. ಇನ್ನೊಂದು ಒಡೆಯಿತು. ಎಲ್ಲವೂ ಒಡೆದವು. ಹೆಸರುಗಳು ಬೇಸಿಗೆಯ ಹತ್ತಿಯಂತೆ ಹಾರಿ ತಮ್ಮ ತಮ್ಮವರನ್ನು ಹುಡುಕಿಕೊಂಡು ಹೋದವು. ಕಾಗೆಯ ರೆಕ್ಕೆ ಉದುರಿ ಬಳೆಗಾರ್ತಿ ಇಮಾಂಬಿ ಕೂತಿದ್ದಳು. ಕರಡಿಯ ತೊಗಲು ಕಳಚಿ ರಾಚಯ್ಯ ಕೂತಿದ್ದ, ಕೂದಲು ಮಾತ್ರ ಸ್ವಲ್ಪ ಹೆಚ್ಚೇ ಉಳಿದಿತ್ತು. ಸಿರಿಯವ್ವನಿಗೆ ಮೊದಲು ಹೊತ್ತಿದ ವಾಸನೆ ಬಂತು, ಅದರ ಹಿಂದೆ ಅವ್ವ ಬಂದಳು, ಅವ್ವನ ಸೆರಗು ಹಿಡಿದು ಚಿಗರಿ ಬಂದಳು. ತಂಗಿಯ ಪಾಲಿನ ಅರ್ಧವನ್ನೂ ತಿಂದುಬಿಟ್ಟೆನೆಂದು ಅವಳು ಅತ್ತಳು.

ಅಷ್ಟರಲ್ಲಿ ಸೂರ್ಯ ಮುಳುಗಿದ. ದಾರಿ ಸುತ್ತಿಕೊಳ್ಳಲಿಲ್ಲ.

"ದಾರಿ ನನ್ನ ಕೈಗೆ ಬಂದ ಮ್ಯಾಲ ಈ ಚಾಪಿ ಸುತ್ತಾಂವ ನಾನ," ಎಂದ ಭರಣಿನಾಥ. "ಇನ್ನೂ ಕೈ ತೊಳದಿಲ್ಲ. ನೀ ನಡಿಯವ್ವ."

ಹಿಂಬಾಗಿಲು ತೆರೆದುಕೊಂಡಿತು, ಸಿರಿಯವ್ವ ಬುತ್ತಿ ಹೊತ್ತು ಓಡಿದಳು. ಮುಸ್ಸಂಜೆಯ ಬೆಳಕಿನಲ್ಲಿ ಮರೆನಾಡಿನ ಬಾಗಿಲು ದಾಟಿದಳು. ಅದು ಅಲ್ಲಿಯವರ ಊಟದ ಹೊತ್ತು. ಬೀದಿಗೆ ಬೀದಿಯೇ ಕದ ಹಾಕಿಕೊಂಡಿತ್ತು. ಸಾವಿರ ಜನ ಸಾವಿರ ಗೋಡೆಗಳನ್ನು ನೋಡುತ್ತಾ ಸದ್ದಿಲ್ಲದೆ ಜಗಿಯುತ್ತಿದ್ದರು. ನೇಕಾರರ ಮನೆಯ ಹೊಸ್ತಿಲಲ್ಲಿ ಅವಳು ನಿಂತಳು. ಆ ದೇಶದಲ್ಲಿ ಯಾರೂ ಕೇಳಿರದ ಕೂಗನ್ನು ಕೂಗಿದಳು.

ಒಂದು ಸಲ. ಬೀದಿಯ ಕಿಟಕಿಗಳು ಗಾಬರಿಯಿಂದ ಅಲುಗಿದವು. ಎರಡು ಸಲ. ಒಳಗೆ ತಟ್ಟೆ ಸರಿದ ಸದ್ದಾಯಿತು. ಮೂರನೇ ಸಲ ಕೂಗುವಾಗ ಅವಳ ಗಂಟಲು ಒಡೆಯಿತು, ಅರ್ಧ ಮಾತಷ್ಟೇ ಹೊರಬಂತು. ಉಳಿದರ್ಧ ಒಳಗಿನಿಂದ ಬಂತು:

"ಬಂದೆ, ಅಕ್ಕಾ."

ಚಿಗರಿ ಬಾಗಿಲು ತೆರೆದಳು. ಕೈ ಕಡ್ಡಿಯಾಗಿತ್ತು, ಹೊಟ್ಟೆ ಮಾತ್ರ ತುಂಬಿತ್ತು. ಅಕ್ಕನ ಹಿಂದೆ ಇನ್ನೊಬ್ಬರಿಗಾಗಿ ನೋಡಿದಳು. ಯಾರೂ ಇರಲಿಲ್ಲ. ಅಕ್ಕನ ಮುಖ ನೋಡಿ ತಿಳಿದುಕೊಂಡಳು. ಇಬ್ಬರೂ ಹೊಸ್ತಿಲಲ್ಲೇ ಕೂತರು. ಬುತ್ತಿಯ ಗಂಟನ್ನು ಚಿಗರಿಯ ಕೈಯೇ ಬಿಚ್ಚಿತು. ಹೋಳಿಗೆ ಸರಿಸಿದಳು, ಕರಿಗಡಬು ಸರಿಸಿದಳು, ತಳದಲ್ಲಿ ಕರಕಲು ಪದರ ಸಿಕ್ಕಿತು. ಅದನ್ನು ಎರಡು ತುಂಡು ಮಾಡಿದಳು. ಒಂದು ದೊಡ್ಡದಾಯಿತು, ಒಂದು ಚಿಕ್ಕದಾಯಿತು.

"ದೊಡ್ಡದು ನಂದು," ಎಂದಳು.

"ಎರಡೂ ನಿಂದ. ನಂದು ದಾರ್ಯಾಗ ಆತು."

"ಅವ್ವ ಇದ್ದಿದ್ರ ಬೈತಿದ್ಲು," ಎಂದು ಚಿಗರಿ ಚಿಕ್ಕದನ್ನು ಅಕ್ಕನ ಬಾಯಿಗೆ ತುರುಕಿ, ದೊಡ್ಡದನ್ನು ತಾನು ತಿಂದಳು. ಅತ್ತಳು. ತುತ್ತು ಇಳಿಯಿತು. ಅದರ ಹಿಂದೆ ಮೊಸರನ್ನ ಇಳಿಯಿತು, ಅದರ ಹಿಂದೆ ಎರಡು ಹೋಳಿಗೆ ಇಳಿದವು. ಒಳಕೋಣೆಯ ಕದ ಒಂದಿಷ್ಟು ತೆರೆದು ಅತ್ತೆ ಇಣುಕಿದಳು. ನೋಡಬಾರದೆಂದು ಕಣ್ಣು ಮುಚ್ಚಿಕೊಂಡಳು. ಆಮೇಲೆ ಒಂದೇ ಕಣ್ಣು ತೆರೆದಳು.

ಎರಡು ತಿಂಗಳಿಗೆ ಚಿಗರಿಗೆ ಹೆಣ್ಣು ಮಗು ಹುಟ್ಟಿತು. ಅದು ಹಸಿವಾದಾಗ ಮೂರು ಸಲ ಕೂಗುತ್ತಿತ್ತು, ನಾಲ್ಕನೆಯದಕ್ಕೆ ಕಾಯುತ್ತಿರಲಿಲ್ಲ. ಮರೆನಾಡಿನವರು ಗೋಡೆಯಿಂದ ಪೂರ್ತಿ ತಿರುಗಲಿಲ್ಲ, ಅರ್ಧ ತಿರುಗಿದರು. ಒಂದು ದೇಶಕ್ಕೆ ಅಷ್ಟೇ ಬಹಳ. ಭರಣಿನಾಥ ಮೂರು ಛತ್ರದ ಬದಲು ಒಂದೇ ಛತ್ರ ಇಟ್ಟುಕೊಂಡ, ದಾರಿಯ ಮೇಲಲ್ಲ, ಪಕ್ಕದಲ್ಲಿ. ಎಲೆಗಳನ್ನು ಜೋಡಿಯಾಗಿಯೇ ಹಾಕಿದ. ಭರಣಿಗಳಿಗೆ ಮಾವಿನಕಾಯಿ ತುಂಬಿದ. ಇಮಾಂಬಿ ಎರಡು ದೇಶಕ್ಕೂ ಬಳೆ ತೊಡಿಸಿದಳು. ರಾಚಯ್ಯ ಮುಂದಿನ ಸಂಬಂಧಗಳಿಗೆಲ್ಲ ಊಟದ ರೀತಿಯನ್ನು ಮೊದಲೇ ಹೇಳಿದ, ಒಂದೆರಡು ಮುರಿದೂ ಬಿದ್ದವು.

ಸಿರಿಯವ್ವ ಎಡೆನಾಡಿಗೆ ಮರಳಿದಳು. ಈಗ ಅಲ್ಲಿ ಎರಡು ಸಲ ಹೊಸ್ತಿಲಿಗೆ ಕೂಗುತ್ತಾರೆ, ಮೂರನೇ ಸಲ ಒಲೆಯ ಕಡೆ ತಿರುಗಿ ಕೂಗುತ್ತಾರೆ. ಸಾಂಬಯ್ಯ ಬರುತ್ತಾನೆ, ಪಾತ್ರೆ ತೊಳೆಯುವವರು ಬರುತ್ತಾರೆ, ಸಿರಿಯವ್ವನೂ ಬರುತ್ತಾಳೆ. ಕೆಲವು ದಿನ ಅವಳ ಎದುರಿನ ಎಲೆ ಇನ್ನೂ ಖಾಲಿಯೇ ಇರುತ್ತದೆ. ಅದಕ್ಕೂ ಒಂದು ತುತ್ತು ಬಡಿಸಿ, ಆಮೇಲೆ ತಾನು ಉಣ್ಣುತ್ತಾಳೆ.

ಅವರೆಲ್ಲ ಹೀಗೆ ಉಂಡು, ತೇಗಿ, ಸುಖವಾಗಿದ್ದರು. ಕತೆ ಬಡಿಸಿದವರದು ಊಟ ಆಯ್ತಾ ಎಂದು ಕೇಳಿದಿರಾ? ಇಲ್ಲ, ಇನ್ನೂ ಆಗಿಲ್ಲ.